ನೀಲದ ಉಂಗುರಕ್ಕೆ ಶನಿಯನ್ನೇಕೆ ಎಳೆಯುತ್ತೀರಿ?



ಯುಗಾದಿಯ ಊಟದ ಸಾಲಿನಲ್ಲಿ ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ಎರಡನೆಯ ಮಗನಿಗೆ ಹೆಣ್ಣು ಗೊತ್ತಾಗಿದೆ. ಹುಡುಗಿ ನರ್ಸ್. "ಉಂಗುರ ಪ್ರಿನ್ಸೆಸ್ ಕಟ್ ಇರಲಿ, ಕಲ್ಲು ಮಾತ್ರ ನೀಲ" ಎಂದಿದ್ದಾಳೆ. ಈ ಸುದ್ದಿ ಕೋಸಂಬರಿಯಿಂದ ಪಾಯಸಕ್ಕೆ ತಲುಪುವಷ್ಟರಲ್ಲಿ ಎರಡು ತೀರ್ಪು ಬಂದವು. "ವಜ್ರ ಕೊಡಿಸೋಕೆ ಆಗಲಿಲ್ವೇನ್ರೀ?" ಎಂದು ಒಬ್ಬರು. "ಶನಿಯ ಕಲ್ಲು! ಜಾತಕ ತೋರಿಸಿದಿರಾ?" ಎಂದು ಇನ್ನೊಬ್ಬರು.

ಮೊದಲು ವಜ್ರದ ಮಾತು. ನಮ್ಮ ಹಿರಿಯರ ನಿಶ್ಚಿತಾರ್ಥ ತಾಂಬೂಲ ಬದಲಾಯಿಸಿದರೆ ಮುಗಿಯುತ್ತಿತ್ತು. ಅಮೆರಿಕದಲ್ಲೂ ವಜ್ರವೇ ಆಗಬೇಕೆಂಬುದನ್ನು ಮನಸ್ಸಿನಲ್ಲಿ ಬೇರೂರಿಸಿದ್ದು ಯಾವ ಶಾಸ್ತ್ರವೂ ಅಲ್ಲ, ಜಾಹೀರಾತು. ವಜ್ರ ಶಾಶ್ವತ ಎಂಬ ಘೋಷಣೆಯನ್ನು 1947ರಲ್ಲಿ ಡಿ ಬಿಯರ್ಸ್ ಕಂಪನಿಗಾಗಿ ಬರೆದವರು ಜಾಹೀರಾತು ಸಂಸ್ಥೆಯ ಉದ್ಯೋಗಿ ಫ್ರಾನ್ಸಿಸ್ ಗೆರೆಟಿ. ಎರಡು ತಿಂಗಳ ಸಂಬಳ ಉಂಗುರಕ್ಕೆ ಎಂದು 1980ರ ದಶಕದಲ್ಲಿ ಹೇಳಿಕೊಟ್ಟದ್ದೂ ಅದೇ ಕಂಪನಿ. ಮಾರುವವನೇ ಹೇಳಿದ ಅಳತೆಯನ್ನು ನಾವು ಮರ್ಯಾದೆಯ ಅಳತೆ ಮಾಡಿಕೊಂಡಿದ್ದೇವೆ!

ಈ ತಪ್ಪು ನಾನೂ ಮಾಡಿದವನೇ. ಹಿರಿಯ ಮಗ ಓದಿನ ಸಾಲ ತೀರಿಸುತ್ತಿದ್ದಾಗಲೇ, "ಜನ ಏನಂದಾರು" ಎಂದು ಹಟ ಹಿಡಿದು ದೊಡ್ಡ ವಜ್ರವನ್ನೇ ಕೊಳ್ಳುವಂತೆ ಮಾಡಿದೆ. ಕಾರ್ಡಿನ ಸಾಲ ತೀರುವ ಮೊದಲೇ ಕಾರಿನ ಬಾಗಿಲಿಗೆ ತಾಗಿ ಕಲ್ಲಿನ ಒಂದು ಮೂಲೆ ಹಾರಿಹೋಯಿತು. ಸೊಸೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ವಜ್ರ ಒಡೆಯುತ್ತದೆಯೇ ಎಂದು ಕೇಳುತ್ತೀರಾ? ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ವಜ್ರಕ್ಕೆ ಹುಟ್ಟಿನಿಂದಲೇ ಸೀಳುವ ದಿಕ್ಕುಗಳಿವೆ. ಪ್ರಿನ್ಸೆಸ್ ಕಟ್ ಚೌಕವಾದ್ದರಿಂದ ನಾಲ್ಕು ಮೂಲೆಗಳೂ ಚೂಪು, ತೆಳು. ಪೆಟ್ಟು ಬೀಳುವುದೇ ಅಲ್ಲಿ. ಆದ್ದರಿಂದ ಕಲ್ಲು ಯಾವುದಾದರೂ ಇರಲಿ, ಮೂಲೆಗಳನ್ನು ಇಂಗ್ಲಿಷ್ 'ವಿ' ಆಕಾರದ ಲೋಹದ ಉಗುರು ಮುಚ್ಚಿರಬೇಕು. ಮಗನ ಉಂಗುರದಲ್ಲಿ ಅದಿರಲಿಲ್ಲ. ಅಂಗಡಿಯವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ನೀಲ. ಗಡಸುತನದ ಮಾಪನದಲ್ಲಿ ವಜ್ರ 10, ನೀಲ 9. ನೀಲಕ್ಕೆ ವಜ್ರದಂತೆ ಸೀಳುವ ದಿಕ್ಕಿಲ್ಲ. ದಿನವಿಡೀ ಕೈ ತೊಳೆಯುವ, ಗ್ಲೌಸ್ ಹಾಕಿ ತೆಗೆಯುವ ಹುಡುಗಿಗೆ ಇದು ಜಾಣ ಆಯ್ಕೆ. ಪಚ್ಚೆ ಚೆಲುವೇ, ಆದರೆ ಒಳಗೆ ಸಾಮಾನ್ಯವಾಗಿ ಬಿರುಕುಗಳಿರುತ್ತವೆ. ಚೂಪು ಮೂಲೆಗೆ ಬೇಡ. ಓಪಲ್ ಇನ್ನೂ ಮೆದು. ವಜ್ರವೇ ಬೇಕೆಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ್ದು ಇದೆ. ಅದೂ ಅದೇ ಇಂಗಾಲ, ಬೆಲೆ ಬಹಳ ಕಡಿಮೆ. ಏನು ಕೊಂಡರೂ, ಕಲ್ಲಿಗೆ ಯಾವ ಸಂಸ್ಕಾರ ಮಾಡಿದ್ದಾರೆಂದು ಬರೆಸಿಕೊಳ್ಳಿ.

ಇನ್ನು ಶನಿ. ಮಾಣಿಕ್ಯವೂ ನೀಲವೂ ಒಂದೇ ಖನಿಜ. ಹಳದಿಯಾದರೆ ಅದನ್ನೇ ಪುಷ್ಯರಾಗ ಎನ್ನುತ್ತೇವೆ. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಚಿಟಿಕೆಗಿಂತ ಕಡಿಮೆ ಬೆರಕೆಗೆ ಒಂದು ಸೂರ್ಯನ ಪಾಲು, ಒಂದು ಶನಿಯ ಪಾಲು, ಒಂದು ಗುರುವಿನ ಪಾಲು! ನಂಬುವವರನ್ನು ಹೀಯಾಳಿಸುತ್ತಿಲ್ಲ. ನಿಮ್ಮ ನಂಬಿಕೆ ನಿಮ್ಮ ಬೆರಳಿಗಿರಲಿ, ಇನ್ನೊಬ್ಬರ ಮಗಳ ಬೆರಳಿಗೆ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಮಕ್ಕಳಿಗೆ ಹೇಳಿ ಬೆಳೆಸಿದವರು ನಾವೇ. ಅವರು ಹಾಗೇ ನಡೆದಾಗ ಸಾಲಿನಲ್ಲಿ ನಿಂತು ನಗಬೇಡಿ. ದೀಪಾವಳಿಯ ಊಟಕ್ಕೆ ಹುಡುಗಿ ಬರುತ್ತಾಳೆ. ಉಂಗುರ ನೋಡಿ "ಚೆನ್ನಾಗಿದೆಯಮ್ಮ" ಎನ್ನಿ, ಸಾಕು.

– ಒಬ್ಬ ಹಳೆಯ ಸದಸ್ಯ