ಕತ್ತಲಲ್ಲಿ ತುತ್ತು, ತುತ್ತಿನಲ್ಲಿ ಕಲ್ಲು

ಆದಿಪರ್ವದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ದ್ರೋಣ ಅಡುಗೆಯವನನ್ನು ಗುಟ್ಟಾಗಿ ಕರೆದು, ಅರ್ಜುನನಿಗೆ ಎಂದೂ ಕತ್ತಲಲ್ಲಿ ಊಟ ಬಡಿಸಬೇಡ, ಹೀಗೆಂದು ನಾನು ಹೇಳಿದ್ದೂ ಅವನಿಗೆ ತಿಳಿಯಬಾರದು ಎಂದು ತಾಕೀತು ಮಾಡಿರುತ್ತಾನೆ. ಒಂದು ರಾತ್ರಿ ಅರ್ಜುನ ಉಣ್ಣುತ್ತಿರುವಾಗ ಗಾಳಿ ಬೀಸಿ ದೀಪ ಆರಿಹೋಗುತ್ತದೆ. ಕೈ ಮಾತ್ರ ತಡವರಿಸುವುದಿಲ್ಲ. ಎಲೆಯಿಂದ ಬಾಯಿಗೆ, ಬಾಯಿಂದ ಎಲೆಗೆ ತನ್ನ ಪಾಡಿಗೆ ಓಡಾಡುತ್ತದೆ. ಪಳಗಿದ ಕೈಗೆ ಬೆಳಕು ಬೇಡ ಎಂಬುದು ಹುಡುಗನಿಗೆ ಆಗ ಹೊಳೆಯುತ್ತದೆ. ಅಂದಿನಿಂದ ಇರುಳಲ್ಲಿ ಬಿಲ್ಲಿನ ಅಭ್ಯಾಸ ಶುರು. ಹೆದೆಯ ಸದ್ದು ಕೇಳಿ ಎದ್ದುಬಂದ ಗುರು ಶಿಷ್ಯನನ್ನು ತಬ್ಬಿಕೊಳ್ಳುತ್ತಾನೆ.

ಈ ಕಥೆ ನನಗೆ ಮತ್ತೆ ನೆನಪಾದದ್ದು ಕುರುಕ್ಷೇತ್ರಕ್ಕೂ ಹಸ್ತಿನಾವತಿಗೂ ಸಂಬಂಧವಿಲ್ಲದ ಒಂದು ಜಾಗದ ನೆಪದಲ್ಲಿ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ವಿಲೋಸ್ ಎಂಬ ಸಣ್ಣ ಊರು. ಸುತ್ತ ಭತ್ತದ ಗದ್ದೆ, ಬಾದಾಮಿ ತೋಟ. ಊರಾಚೆಯ ಗುಡ್ಡದ ಸಾಲಿನಲ್ಲಿ ಥಂಡರ್‌ಹಿಲ್ ಎಂಬ ಕಾರ್ ರೇಸಿನ ಟ್ರ್ಯಾಕು, ಮೂರು ಮೈಲಿ ಸುತ್ತು, ಹದಿನೈದು ತಿರುವು. 2003ರಲ್ಲಿ ಅಲ್ಲಿ ಆರಂಭವಾದ ಓಟವೊಂದು ಲೋಕಪ್ರಸಿದ್ಧ ಲೆ ಮಾನ್ಸ್‌ಗಿಂತ ಒಂದು ಗಂಟೆ ಹೆಚ್ಚು: 25 ಗಂಟೆ. ನಡೆಸುವ ಸಂಸ್ಥೆಯ ಹೆಸರು ನಾಸಾ! ರಾಕೆಟ್ಟು ಹಾರಿಸುವ ನಾಸಾ ಅಲ್ಲ, ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್. ಕಸುಬಿನ ಚಾಲಕರೂ ಬರುತ್ತಾರೆ. ಆದರೆ ಅಲ್ಲಿನ ಜೀವ ಹವ್ಯಾಸಿಗಳು. ವಾರವಿಡೀ ಆಫೀಸೋ ಗ್ಯಾರೇಜೋ ನೋಡಿಕೊಂಡು, ಹಳೆಯ ಮಿಯಾಟಾವನ್ನೋ ಹೋಂಡಾ ಸಿವಿಕ್ಕನ್ನೋ ಗೆಳೆಯರೆಲ್ಲ ಸೇರಿ ಸಿದ್ಧಮಾಡಿ, ಪಾಳಿಯ ಮೇಲೆ ಓಡಿಸುವವರು.

ಓಟಕ್ಕೆ ಅವರು ಆರಿಸಿಕೊಂಡ ತಿಂಗಳು ನೋಡಿ. ಲೆ ಮಾನ್ಸ್ ಜೂನ್ ತಿಂಗಳದ್ದು; ಫ್ರಾನ್ಸಿನಲ್ಲಿ ಆಗ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಕತ್ತಲು ಎಂಟು ಗಂಟೆ ದಾಟುವುದಿಲ್ಲ. ಥಂಡರ್‌ಹಿಲ್‌ನ ಓಟ ನಡೆಯುತ್ತ ಬಂದದ್ದು ಡಿಸೆಂಬರಿನಲ್ಲಿ. ಶನಿವಾರ ಹಗಲು ಹನ್ನೊಂದಕ್ಕೆ ಬಾವುಟ ಬೀಳುತ್ತದೆ, ಸಂಜೆ ಐದಾಗುವ ಮೊದಲೇ ಸೂರ್ಯ ಗುಡ್ಡದ ಹಿಂದೆ. ಮತ್ತೆ ಅವನು ಕಾಣುವುದು ಬೆಳಿಗ್ಗೆ ಏಳರ ನಂತರ. ಅರ್ಧಕ್ಕಿಂತ ಹೆಚ್ಚು ಓಟ ಇರುಳಿನದು. ಸಾಲದ್ದಕ್ಕೆ ಆ ಬಯಲಿನಲ್ಲಿ ಚಳಿಗಾಲದ ರಾತ್ರಿ ನೆಲದಿಂದಲೇ ಏಳುವ ದಟ್ಟ ಮಂಜು. ಜೌಗಿನಲ್ಲಿ ಬೆಳೆಯುವ ಜೊಂಡಿನ ಹೆಸರಿನಿಂದ ಅದನ್ನು ಟೂಲಿ ಮಂಜು ಎನ್ನುತ್ತಾರೆ. ಅದು ಕವಿದು ಓಟವನ್ನೇ ತಡೆಹಿಡಿದ ರಾತ್ರಿಗಳೂ ಉಂಟು.

ಹಾಗೆ ನೋಡಿದರೆ ಲೆ ಮಾನ್ಸ್‌ನ ಇಡೀ ದಿನದ ಓಟದ ಕಲ್ಪನೆ ಹುಟ್ಟಿದ್ದೇ ದೀಪದ ಚಿಂತೆಯಿಂದ. 1920ರ ದಶಕದ ಆರಂಭದಲ್ಲಿ ಕಾರಿನ ಎಂಜಿನ್ನು ಸಾಕಷ್ಟು ಪಳಗಿತ್ತು. ವಿದ್ಯುತ್ ದೀಪವನ್ನು ಮಾತ್ರ ನಂಬುವಂತಿರಲಿಲ್ಲ. ಪತ್ರಕರ್ತ ಶಾರ್ಲ್ ಫಾರೂ ಎಂಟು ಗಂಟೆಯ, ಅರ್ಧ ಇರುಳಿನಲ್ಲಿ ಸಾಗುವ ಓಟವೊಂದನ್ನು ಸೂಚಿಸಿದಾಗ, ಲೆ ಮಾನ್ಸ್‌ನ ಆಟೊಮೊಬೈಲ್ ಕ್ಲಬ್ಬಿನ ಜಾರ್ಜ್ ದ್ಯೂರಾಂ, ಎಂಟೇಕೆ, ಇಪ್ಪತ್ತನಾಲ್ಕೇ ಇರಲಿ ಎಂದನಂತೆ. 1923ರ ಮೇ ತಿಂಗಳ ಆ ಮೊದಲ ಓಟದಲ್ಲೇ ಬೆಂಟ್ಲಿ ಕಾರೊಂದರ ಹೆಡ್‌ಲೈಟು ಕಲ್ಲು ಸಿಡಿದು ಒಡೆಯಿತು. ಜಾನ್ ಡಫ್ ಮತ್ತು ಫ್ರಾಂಕ್ ಕ್ಲೆಮೆಂಟ್ ಒಕ್ಕಣ್ಣಿನ ಕಾರಿನಲ್ಲಿ ಇರುಳನ್ನು ಕಳೆದರು. ಮರುದಿನ ಇನ್ನೊಂದು ಕಲ್ಲು ಪೆಟ್ರೋಲ್ ಟ್ಯಾಂಕನ್ನೇ ತೂತು ಮಾಡಿತು.

ನೂರು ವರ್ಷದಲ್ಲಿ ದೀಪ ಬೆಳೆದಿದೆ. ಹ್ಯಾಲೊಜೆನ್ ಬಂತು, ಎಲ್‌ಇಡಿ ಬಂತು, 2014ರಲ್ಲಿ ಆಡಿ ಕಂಪನಿ ಲೆ ಮಾನ್ಸ್‌ಗೆ ಲೇಸರ್ ದೀಪವನ್ನೂ ತಂದಿತು. ಹವ್ಯಾಸಿಯ ಮೊದಲ ಆಸೆಯೂ ಅದೇ: ಅಂಗಡಿಯಲ್ಲಿ ಸಿಗುವ ಅತಿ ದೊಡ್ಡ ದೀಪದ ಪಟ್ಟಿ ತಂದು ಬಾನೆಟ್ಟಿನ ಮೇಲೆ ಬಿಗಿಯುವುದು. ಆದರೆ ಲೆಕ್ಕ ಹಾಕಿ ನೋಡಿ. ಗಂಟೆಗೆ 160 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 44 ಮೀಟರ್ ಸಾಗುತ್ತದೆ. ಮನೆಯ ಕಾರಿನ ಡಿಪ್ ದೀಪ ಚೆನ್ನಾಗಿ ತೋರಿಸುವುದು ಸುಮಾರು 60 ಮೀಟರ್. ಅಂದರೆ ಕಂಡದ್ದನ್ನು ಕಂಡೆ ಎಂದು ಅರಿತು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಂಡ ದಾರಿಯೆಲ್ಲ ಮುಗಿದಿರುತ್ತದೆ. ದೀಪವನ್ನು ಎರಡು ಪಟ್ಟು, ಮೂರು ಪಟ್ಟು ಮಾಡಿದರೂ ತಿರುವಿನಾಚೆಗೆ ಬೆಳಕು ಬಾಗುವುದಿಲ್ಲ, ದಿಬ್ಬದ ಹಿಂದಕ್ಕೆ ಇಳಿಯುವುದಿಲ್ಲ. ಮಂಜಿನಲ್ಲಂತೂ ಹೆಚ್ಚು ಬೆಳಕು ಹೆಚ್ಚು ಕುರುಡು. ಹನಿಹನಿಗೂ ತಾಗಿ ಮರಳಿ ನಮ್ಮ ಕಣ್ಣಿಗೇ ಬಡಿಯುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಳೆಗಾಲದ ರಾತ್ರಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಅಷ್ಟು ವೇಗದಲ್ಲಿ ಓಡಿಸುವುದು ಹೇಗೆ? ಅರ್ಜುನ ಉಂಡ ಹಾಗೆ. ದಾರಿಯನ್ನು ಹಗಲಲ್ಲೇ ಕೈಗೆ ಕಲಿಸಿರಬೇಕು. ಈ ಕಲಿಕೆಯಲ್ಲಿ ಒಂದು ಮೋಸವಿದೆ. ಹಗಲಲ್ಲಿ ನಾವು ಬ್ರೇಕ್ ಹಾಕಲು ಗುರುತು ಇಟ್ಟುಕೊಳ್ಳುವುದು ಬೇಲಿಯಾಚೆಯ ಮರವನ್ನು, ದೂರದ ಗುಡ್ಡದ ನೆತ್ತಿಯನ್ನು, ಕಾವಲುಗಾರನ ಗುಡಿಸಲನ್ನು. ಸೂರ್ಯ ಮುಳುಗಿದಾಗ ಅವೂ ಮುಳುಗುತ್ತವೆ. ಆದ್ದರಿಂದ ತಿಳಿದವರು ಹಗಲಿನ ಅಭ್ಯಾಸದಲ್ಲೇ ದೀಪದ ಅಳತೆಯೊಳಗೆ ಸಿಗುವ ಗುರುತುಗಳನ್ನು ಹುಡುಕುತ್ತಾರೆ: ಟಾರಿನ ತೇಪೆ, ಅಂಚಿನ ಬಣ್ಣದ ಪಟ್ಟಿ ಶುರುವಾಗುವ ಜಾಗ, ಚಕ್ರ ಒಂದು ಬಿರುಕನ್ನು ದಾಟುವಾಗ ಸೊಂಟಕ್ಕೆ ತಾಗುವ ಕುಲುಕು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ್ಯಾಲಿ ಓಡಿಸುವವರೂ ಇದನ್ನೇ ಬೇರೆ ಬಗೆಯಲ್ಲಿ ಮಾಡುತ್ತಾರೆ. ಮೊದಲೇ ನಿಧಾನವಾಗಿ ದಾರಿ ನೋಡಿ ಬಂದು, ಪ್ರತಿ ತಿರುವಿಗೂ ಟಿಪ್ಪಣಿ ಬರೆದುಕೊಳ್ಳುತ್ತಾರೆ; ಓಟದಲ್ಲಿ ಪಕ್ಕದವನು ಅದನ್ನು ಓದಿ ಹೇಳುತ್ತಾನೆ. ಟ್ರ್ಯಾಕಿನಲ್ಲಿ ಪಕ್ಕದವನಿಲ್ಲ, ಪುಸ್ತಕ ತಲೆಯಲ್ಲಿರಬೇಕು.

ಇನ್ನು ಕಣ್ಣು. ಹಿಂದೊಮ್ಮೆ ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಪುಸ್ತಕ ಓದಲೆಂದು ತಲೆಯ ಮೇಲಿನ ದೀಪ ಹಾಕಿದ್ದೆ. ಚಾಲಕರು ತಿರುಗಿಯೂ ನೋಡದೆ, "ಸಾರ್, ಲೈಟ್ ಆರ್ಸಿ. ಒಳಗ್ ಬೆಳಕಿದ್ರೆ ಹೊರಗ್ ಏನೂ ಕಾಣಲ್ಲ" ಎಂದರು. ವೇದಾಂತದ ಮಾತಿನಂತೆ ಕೇಳಿದರೂ ಅದು ಅಪ್ಪಟ ನೇತ್ರವಿಜ್ಞಾನ. ಕಣ್ಣಿನ ಪರದೆಯಲ್ಲಿ ಬಣ್ಣವನ್ನೂ ವಿವರವನ್ನೂ ಹಿಡಿಯುವ ಶಂಕುವಿನಾಕಾರದ ಕೋಶಗಳು ನಡುಮಧ್ಯೆ ಕಿಕ್ಕಿರಿದಿವೆ. ಮಬ್ಬಿನಲ್ಲಿ ಕಾಣುವ ಕಡ್ಡಿಯಾಕಾರದ ಕೋಶಗಳು ಅದರ ಸುತ್ತ ಹರಡಿವೆ. ಈ ಎರಡನೆಯವು ಪೂರ್ತಿ ಎಚ್ಚರಗೊಳ್ಳಲು ಕತ್ತಲಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬೇಕು. ಕೆಡಲು ಒಂದು ಮೊಬೈಲ್ ಪರದೆ ಸಾಕು. ರೇಸಿನ ಕಾರಿನಲ್ಲಿ ಕಣ್ಣು ಪೂರ್ತಿ ಕತ್ತಲಿಗೆ ಹೊಂದಿಕೊಳ್ಳುವುದಂತೂ ಇಲ್ಲ, ಎದುರಿಗೆ ಹೆಡ್‌ಲೈಟಿನ ಬೆಳಕಿದೆಯಲ್ಲ. ಆದರೂ ಫ್ಲಡ್‌ಲೈಟಿನಡಿ ಹರಟುತ್ತ ನಿಂತವನು ಹಾಗೇ ಬಂದು ಚಕ್ರ ಹಿಡಿದರೆ ಮೊದಲ ಸುತ್ತುಗಳಲ್ಲಿ ಅರೆಗುರುಡ. ಆದ್ದರಿಂದ ಪಾಳಿಗೆ ಅರ್ಧ ಗಂಟೆ ಮೊದಲೇ ಅವನನ್ನು ಮಬ್ಬುಬೆಳಕಿನ ಮೂಲೆಯಲ್ಲಿ ಕೂರಿಸುತ್ತಾರೆ. ಡ್ಯಾಷ್‌ಬೋರ್ಡಿನ ದೀಪಗಳಿಗೆ ಕಪ್ಪು ಟೇಪು ಅಂಟಿಸುತ್ತಾರೆ. ಎಂಜಿನ್ ಆಯಿಲ್ ಒತ್ತಡ ಬಿದ್ದಾಗ ಹತ್ತುವ ಕೆಂಪು ದೀಪ ಒಂದನ್ನು ಮಾತ್ರ ಬಿಟ್ಟು. ಹೆಲ್ಮೆಟ್ಟಿನ ಕಪ್ಪು ಗಾಜು ಹೋಗಿ ಬಿಳಿ ಗಾಜು ಬರುತ್ತದೆ. ಮುಂಗಾಜನ್ನು ಹೊರಗಿನಿಂದ ಎಲ್ಲರೂ ಒರೆಸುತ್ತಾರೆ. ಅನುಭವಸ್ಥರು ಒಳಗಿನಿಂದ ಒರೆಸುತ್ತಾರೆ. ಹಗಲು ಕಾಣದ ತೆಳು ಜಿಡ್ಡು, ಹಿಂದಿನ ಕಾರಿನ ದೀಪ ಬಿದ್ದ ಕೂಡಲೇ ಹಾಲಿನ ಪರದೆಯಾಗುತ್ತದೆ.

ಹವ್ಯಾಸಿಗಳ ವಯಸ್ಸೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾರಿಗೆ ದುಡ್ಡು ಕೂಡುವ ಹೊತ್ತಿಗೆ ಕೂದಲು ನರೆತಿರುತ್ತದೆ. ಅರವತ್ತರ ಕಣ್ಣಿನ ಪರದೆಗೆ ತಲಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲಪುವುದರ ಮೂರನೇ ಒಂದು ಪಾಲಿನಷ್ಟೇ. ರಾತ್ರಿಯ ಪಾಳಿ ಹಂಚುವಾಗ ಯಾರು ಹಗಲಲ್ಲಿ ವೇಗವಾಗಿ ಓಡಿಸಿದರು ಎಂಬುದಕ್ಕಿಂತ ಯಾರಿಗೆ ಚೆನ್ನಾಗಿ ಕಾಣುತ್ತದೆ ಎಂದು ಕೇಳಬೇಕಾಗುತ್ತದೆ. ಗೆಳೆಯರ ನಡುವೆ ಇದು ಬಲು ನಾಜೂಕಿನ ಪ್ರಶ್ನೆ. ನಂಗೆ ರಾತ್ರಿ ಸರಿಯಾಗಿ ಕಾಣಲ್ಲ ಕಣಯ್ಯಾ, ನೀನೇ ಓಡ್ಸು ಎಂದು ತಾನಾಗಿ ಹೇಳುವವನು ತಂಡಕ್ಕೆ ಎಷ್ಟೋ ಸುತ್ತು ಗೆದ್ದುಕೊಟ್ಟಂತೆ.

ನಿದ್ದೆಯದು ಇನ್ನೊಂದು ಲೆಕ್ಕ. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಗೊತ್ತು: ಮೂರರ ಸುಮಾರಿಗೆ ಚಾಪೆಯ ಮೇಲೆ ಒಂದೊಂದೇ ತಲೆ ವಾಲುತ್ತದೆ, ಚೆಂಡೆಯ ಅಬ್ಬರದೊಡನೆ ಬಣ್ಣದ ವೇಷ ಬಂದಾಗಲೇ ಮತ್ತೆ ಏಳುವುದು. ದೇಹದ ಗಡಿಯಾರ ತಳ ಮುಟ್ಟುವುದು ಆ ಹೊತ್ತಿನಲ್ಲೇ. ಆಗಷ್ಟೇ ಎಬ್ಬಿಸಿದವನನ್ನು ನೇರ ಕಾರಿಗೆ ಹತ್ತಿಸಬಾರದು; ನಿದ್ದೆಯ ಮಂಪರು ಇಳಿಯಲು ಅರ್ಧ ಗಂಟೆಯಾದರೂ ಬೇಕು, ಕುಡಿದ ಕಾಫಿ ಕೆಲಸ ಮಾಡಲೂ ಹೆಚ್ಚುಕಡಿಮೆ ಅಷ್ಟೇ. ಅದರಿಂದಾಗಿ ಒಳ್ಳೆಯ ತಂಡದಲ್ಲಿ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಯಾರು ಯಾವಾಗ ಓಡಿಸುತ್ತಾರೆ ಎಂಬುದರ ಜೊತೆಗೆ ಯಾರು ಯಾವಾಗ ಮಲಗುತ್ತಾರೆ, ಯಾರು ಅವರನ್ನು ಎಬ್ಬಿಸುತ್ತಾರೆ ಎಂಬುದೂ ಇರುತ್ತದೆ.

ಇಷ್ಟೆಲ್ಲ ಆಗಿ ಕೈ ಪಳಗಿತು, ಕಣ್ಣು ತಣಿಯಿತು ಎನ್ನೋಣ. ಆಗ ದೀಪ ಏತಕ್ಕೆ? ಇಲ್ಲಿಯೇ ಅರ್ಜುನನ ಕಥೆ ನನಗೆ ಅರ್ಧ ಹೇಳಿದಂತೆ ಕಾಣುವುದು. ಕತ್ತಲಲ್ಲಿ ಕೈಗೆ ಬಾಯಿ ಗೊತ್ತು, ನಿಜ. ಅನ್ನದಲ್ಲಿ ಕಲ್ಲಿದ್ದರೆ? ಎಷ್ಟು ವರ್ಷ ಉಂಡ ಕೈಯೂ ಅದನ್ನು ಹೇಳಲಾರದು. ಒಂಬತ್ತನೆಯ ತಿರುವು ದಿಬ್ಬದ ಮೇಲಿದೆ ಎಂದು ನೆನಪು ಹೇಳೀತು. ಈ ಸುತ್ತಿನಲ್ಲಿ ಆ ದಿಬ್ಬದಾಚೆ ಗಿರಕಿ ಹೊಡೆದು, ದೀಪವೆಲ್ಲ ಆರಿ, ಅಡ್ಡ ನಿಂತ ಕಾರಿದೆ ಎಂದು ಹೇಳದು. ನೂರು ಸುತ್ತು ಸರಿಯಾಗಿದ್ದ ದಾರಿಗೆ ನೂರೊಂದನೆಯ ಸುತ್ತಿನಲ್ಲಿ ಎಂಜಿನ್ ಆಯಿಲ್ ಚೆಲ್ಲಿರಬಹುದು. ಅಭ್ಯಾಸ ಬಲಿತಷ್ಟೂ ಅಪಾಯ ಹೆಚ್ಚು, ಏಕೆಂದರೆ ಕೈ ಕೇಳದೆಯೇ ಹೋಗಿಬಿಡುತ್ತದೆ. ದಾರಿ ಕಾಣಲಿ ಎಂದು ದೀಪ ಹಾಕುವವನು ಹೊಸಬ. ಪಳಗಿದವನಿಗೆ ದೀಪ ಬೇಕಾಗಿರುವುದು ಕಲ್ಲು ಕಾಣಲೆಂದು. ದಾರಿಯ ಗೊಡವೆಯನ್ನು ನೆನಪಿಗೆ ಬಿಟ್ಟುಕೊಟ್ಟಾಗಲೇ ಗಮನ ಕಲ್ಲು ಹುಡುಕಲು ಬಿಡುವಾಗುವುದು. ಇರುಳಿನ ವೇಗವನ್ನು ಹಗಲಿಗಿಂತ ಒಂದು ಚೂರು ತಗ್ಗಿಸಿ, ಬ್ರೇಕನ್ನು ಒಂದು ಮಾರು ಮುಂಚೆ ಹಾಕುವುದೂ ಆ ಬಿಡುವನ್ನು ಕೊಂಡುಕೊಳ್ಳುವ ಬೆಲೆಯೇ.

ಹಾಗಾಗಿ ದೀಪ ಕಟ್ಟುವುದರಲ್ಲೂ ಎಷ್ಟು ಬೆಳಕು ಎಂಬುದಕ್ಕಿಂತ ಎಲ್ಲಿ ಬೆಳಕು ಎಂಬುದು ದೊಡ್ಡದು. ಒಂದು ಜೋಡಿ ನೇರ ದೂರಕ್ಕೆ. ಇನ್ನೊಂದು ಜೋಡಿ ತುಸು ಹೊರಮುಖವಾಗಿ, ತಿರುವಿನ ಒಳಮೂಲೆಯನ್ನು ತಡಕಲು. ಹಳೆಯ ಕಾರಿನ ತಂತಿಯ ಮೇಲೆ ಹೊಸ ದೀಪದ ಭಾರ ಹೊರಿಸುವುದೂ ಒಂದು ಮರುಳು. 55 ವ್ಯಾಟಿನ ನಾಲ್ಕು ಹ್ಯಾಲೊಜೆನ್ ಬಲ್ಬು ಎಂದರೆ ಹದಿನೇಳು ಹದಿನೆಂಟು ಆಂಪಿಯರ್. ಸಪೂರ ತಂತಿಯಲ್ಲಿ ವೋಲ್ಟೇಜು ನೂರಕ್ಕೆ ಹತ್ತು ಕುಸಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಕುಸಿಯುತ್ತದೆ. ದಪ್ಪ ತಂತಿ, ನಡುವೆ ರಿಲೇ, ಗುದ್ದಿದರೆ ಮೂತಿಯನ್ನೇ ಕಳಚಿ ಬೇರೆ ಜೋಡಿಸಲು ಒಂದೇ ಪ್ಲಗ್ಗು: ಹೊಸ ದೀಪ ಕೊಳ್ಳುವ ಮೊದಲು ಆಗಬೇಕಾದ ಕೆಲಸಗಳಿವು. ದೀಪಕ್ಕೆ ಗುರಿ ಕೂರಿಸುವುದು ಮುಸ್ಸಂಜೆಯಲ್ಲಿ, ಗೋಡೆಯೆದುರು, ಟ್ಯಾಂಕು ತುಂಬಿಸಿ, ಚಾಲಕನನ್ನು ಸೀಟಿನಲ್ಲಿ ಕೂರಿಸಿ. ಖಾಲಿ ಕಾರಿನಲ್ಲಿ ಸರಿಯಾಗಿದ್ದ ಬೆಳಕು, ಹಿಂಭಾಗಕ್ಕೆ ಭಾರ ಬಿದ್ದೊಡನೆ ಮೂತಿಯೆತ್ತಿ ಆಕಾಶ ನೋಡುತ್ತದೆ.

ಈ ಗೋಡೆಯೆದುರು ಮಂಡಿಯೂರಿ ಸ್ಕ್ರೂ ತಿರುಗಿಸುವವನ ಚಿತ್ರ ನನ್ನನ್ನು ಬಿಡುತ್ತಿಲ್ಲ. ಅವನು ರಾತ್ರಿ ಓಡಿಸುವವನಲ್ಲದೆಯೂ ಇರಬಹುದು. ಮುಂಗಾಜಿನ ಒಳಗೆ ಒರೆಸಿದವನು, ಟೇಪು ಅಂಟಿಸಿದವನು, ಮೂರು ಗಂಟೆಗೆ ಎಬ್ಬಿಸಲೆಂದು ತಾನು ಮಲಗದೆ ಕೂತವನು, ಇವರು ಯಾರೂ ಫೋಟೊದಲ್ಲಿ ಬರುವವರಲ್ಲ. ಹವ್ಯಾಸಿ ತಂಡದಲ್ಲಿ ಇವರಿಗೆ ಸಂಬಳವೂ ಇಲ್ಲ.

ಆದಿಪರ್ವದ ಕಥೆಯಲ್ಲೂ ಅಂಥವನೊಬ್ಬನಿದ್ದಾನೆ. ಹೆಸರಿಲ್ಲದ ಆ ಅಡುಗೆಯವನು. ದೀಪ ಆರಿದರೂ ಹುಡುಗನ ಕೈ ನಿಲ್ಲಲಿಲ್ಲ, ಆ ಕೈಗೆ ಗುರುವಿನ ಅಪ್ಪುಗೆ ಸಿಕ್ಕಿತು. ಆದರೆ ಅಂದು ಹಗಲು ಅಕ್ಕಿಯನ್ನು ಮೊರಕ್ಕೆ ಸುರಿದು, ಬೆಳಕಿಗೆ ಹಿಡಿದು, ಕಲ್ಲು ಆರಿಸಿದವರು ಯಾರೋ ಇದ್ದರಲ್ಲ. ಅವರನ್ನು ನಂಬಿಯೇ ಅರ್ಜುನ ಕತ್ತಲಲ್ಲಿ ಅಗಿದದ್ದು.