ಆ ಗೋಡೆ ಏನನ್ನು ಹೊತ್ತಿದೆ ಎಂದು ಕೇಳಿದಿರಾ?

ಹಾಲ್ ಚಿಕ್ಕದಾಯಿತು, ಅಡುಗೆಮನೆ ಕತ್ತಲು, ನಡುವಿನ ಗೋಡೆ ತೆಗೆಸಿಬಿಟ್ಟರೆ ಎಲ್ಲ ಸರಿಹೋಗುತ್ತೆ. ಹಳೇ ಮನೆ ಕೊಂಡವರು, ಅಪ್ಪನ ಮನೆ ಪಾಲಿಗೆ ಬಂದವರು, ಮಗನ ಮದುವೆಗೆಂದು ಮನೆ ಹೊಸದು ಮಾಡಹೊರಟವರು, ಎಲ್ಲರದೂ ಇದೇ ಮಾತು. ಗ್ರಾನೈಟ್ ಆರಿಸಲು ಜಿಗಣಿಯವರೆಗೆ ಹೋಗುತ್ತೀರಿ. ಕಪಾಟಿನ ಬಣ್ಣದ ಬಗ್ಗೆ ವಾರಗಟ್ಟಲೆ ಮನೆಮಂದಿಯೆಲ್ಲ ಜಗಳವಾಡುತ್ತೀರಿ. ಒಲೆ ಆಗ್ನೇಯಕ್ಕೇ ಬರಬೇಕೆಂದು ವಾಸ್ತುವಿನವರಿಗೆ ಕಾರು ಕಳಿಸಿ ಕರೆಸುತ್ತೀರಿ. 'ಈ ಗೋಡೆ ಇಲ್ಲಿರಬಾರದು' ಎಂದು ಅವರು ಬೆರಳು ತೋರಿಸಿದರೆ ದಕ್ಷಿಣೆ ಕೊಟ್ಟು ಕೈಮುಗಿಯುತ್ತೀರಿ. ಆ ಗೋಡೆ ತನ್ನ ತಲೆಯ ಮೇಲೆ ಏನನ್ನು ಹೊತ್ತು ನಿಂತಿದೆ ಎಂದು ತಿಳಿದವರನ್ನು ಕೇಳುವುದಕ್ಕೆ ಮಾತ್ರ ನಿಮಗೆ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ.

ನಮ್ಮ ಬೀದಿಯಲ್ಲೇ ಆದದ್ದನ್ನು ಹೇಳುತ್ತೇನೆ. ಎಪ್ಪತ್ತರ ದಶಕದ ಮನೆ. ಪಿಲ್ಲರ್ ಇಲ್ಲ, ಸೈಜುಗಲ್ಲಿನ ಪಾಯ, ಅದರ ಮೇಲೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ. ಕೆಳಗೆ ಮಾಲೀಕರು, ಮೇಲೆ ಎರಡು ಮಕ್ಕಳ ಬಾಡಿಗೆ ಸಂಸಾರ. ಮಾಲೀಕರು ಹಾಲಿಗೂ ಅಡುಗೆಮನೆಗೂ ನಡುವಿದ್ದ ಗೋಡೆ ಕೆಡವಿಸಿದರು. ಸ್ವಲ್ಪ ದಿನಕ್ಕೆ ಮೇಲಿನ ಮನೆಯ ರೂಮಿನ ಬಾಗಿಲು ಹಾಕಿಕೊಳ್ಳದಾಯಿತು. ಮೊಸಾಯಿಕ್ ನೆಲ ಉದ್ದಕ್ಕೆ ಸೀಳಿತು. ಮೇಲಿನ ಮನೆಯ ಹೆಣ್ಣುಮಗಳು ಇಳಿದು ಬಂದು ಹೇಳಿದರೆ, 'ಮಳೆಗಾಲ ಅಲ್ವೇನಮ್ಮ, ಮರ ಉಬ್ಬಿರುತ್ತೆ' ಎಂದು ವಾಪಸು ಕಳಿಸಿದರು. ಛಾವಣಿ ನಡುವೆ ಜೋತಿದ್ದು ಬರಿಗಣ್ಣಿಗೇ ಕಂಡ ಮೇಲೆ ರಾತ್ರೋರಾತ್ರಿ ಜಾಕಿ ತರಿಸಿ ಊರಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮೇಲಿನವರು ಅಡ್ವಾನ್ಸ್ ದುಡ್ಡಿಗೂ ಕಾಯದೆ ಮನೆ ಬಿಟ್ಟರು. ಮಾಲೀಕರು ಇವತ್ತಿಗೂ ಹೇಳುವುದು ಒಂದೇ: 'ಮೇಸ್ತ್ರಿ ಸರಿ ಇರಲಿಲ್ಲ.'

ನನಗೆ ಮೈ ಉರಿದದ್ದು ಈ ಮಾತಿಗೆ. ಒಡೆಯುವುದಕ್ಕೆ ಕೂಲಿ ಪಡೆಯುವವನನ್ನೇ 'ಒಡೆಯಬಹುದಾ?' ಎಂದು ಕೇಳಿದರೆ ಅವನು ಇನ್ನೇನು ಹೇಳಬೇಕಿತ್ತು? ಗೋಡೆಗೆ ಎರಡು ಏಟು ಹಾಕಿ, ಸದ್ದು ಕೇಳಿ, 'ಏನೂ ಆಗಲ್ಲ ಸಾರ್' ಅಂದ. ಸದ್ದಿನಿಂದ ಗೋಡೆ ಟೊಳ್ಳೋ ಗಟ್ಟಿಯೋ ಗೊತ್ತಾದೀತು. ಅದರ ಮೇಲೆ ಎಷ್ಟು ಭಾರವಿದೆ ಎಂದು ಯಾವ ಸದ್ದೂ ಹೇಳುವುದಿಲ್ಲ.

ಭಾರ ಎಂದರೆ ಎಷ್ಟು, ಲೆಕ್ಕ ಹಾಕಿ. ಒಂದು ಘನ ಮೀಟರ್ ಆರ್‌ಸಿಸಿ ಸುಮಾರು 2,500 ಕಿಲೋ ತೂಗುತ್ತದೆ. ಹನ್ನೆರಡಡಿಗೆ ಹನ್ನೆರಡಡಿಯ ಕೋಣೆಯ ಮೇಲೆ ಐದಿಂಚಿನ ಛಾವಣಿ ಇದ್ದರೆ ಅದೊಂದೇ ನಾಲ್ಕು ಟನ್ ದಾಟಿತು. ಮೇಲಂತಸ್ತಿನಲ್ಲಿ ಅದೇ ಗೆರೆಗೆ ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂಬತ್ತಿಂಚಿನ ಗೋಡೆ ಇದ್ದರೆ ಇನ್ನೊಂದು ನಾಲ್ಕು ಟನ್. ಅದರಾಚೆಗೆ ಬೀರು, ಮಂಚ, ತಾರಸಿಯ ನೀರಿನ ಟ್ಯಾಂಕು, ಮನುಷ್ಯರು. ಗೋಡೆ ತೆಗೆದಿರಿ ಎಂದು ಈ ಭಾರ ಮಾಯವಾಗುವುದಿಲ್ಲ. ಪಕ್ಕದ ಗೋಡೆಗೆ ವಾಲುತ್ತದೆ, ಅದು ತಡೆದಷ್ಟು ದಿನ ತಡೆಯುತ್ತದೆ. ಅವತ್ತೇ ಬೀಳಲಿಲ್ಲವೆಂದು ಗೆದ್ದೆವೆಂದುಕೊಳ್ಳುವುದು ಮೂರ್ಖತನ.

2017ರ ಜುಲೈ 25ರಂದು ಮುಂಬಯಿಯ ಘಾಟ್‌ಕೋಪರ್‌ನಲ್ಲಿ ಸಾಯಿ ದರ್ಶನ್ ಎಂಬ ನಾಲ್ಕಂತಸ್ತಿನ ಕಟ್ಟಡ ಹಾಡಹಗಲೇ ಕುಸಿಯಿತು. 17 ಜನ ಸತ್ತರು. ನೆಲಮಹಡಿಯ ನರ್ಸಿಂಗ್ ಹೋಮಿನಲ್ಲಿ ನವೀಕರಣ ನಡೆದಿತ್ತು. ಕಟ್ಟಡ ಹೊತ್ತ ಕಂಬಗಳಿಗೇ ಕೈಹಾಕಿದರು ಎಂಬುದು ಆಮೇಲೆ ಹೂಡಿದ ಕೇಸಿನ ಆರೋಪ. ಮೇಲಿನ ಮನೆಗಳಲ್ಲಿ ಇದ್ದವರು ಯಾರೂ ಸುತ್ತಿಗೆ ಎತ್ತಿರಲಿಲ್ಲ. ಕೆಳಗಿನವರ ಅವಸರಕ್ಕೆ ಮೇಲಿನವರು ಪ್ರಾಣ ತೆರಬೇಕೆ? ಸುದ್ದಿ ಓದಿ ಅಯ್ಯೋ ಅಂದೆವು, ಮರೆತೆವು, ನಮ್ಮ ಮನೆಗೆ ಮೇಸ್ತ್ರಿಯನ್ನು ಕರೆಸಿದೆವು.

'ನಮ್ಮದು ಬರೀ ಪಾರ್ಟಿಷನ್ ಗೋಡೆ' ಎನ್ನುವವರಿಗೆ ಒಂದು ಪ್ರಶ್ನೆ: ಹೇಗೆ ಗೊತ್ತು? ದಪ್ಪ ಅಳೆದಿರಾ? ಒಂಬತ್ತಿಂಚಿನದು ಹೊರುವ ಗೋಡೆ, ನಾಲ್ಕೂವರೆಯದು ಬರೀ ಮರೆ ಎಂಬ ಮಾತು ಎಷ್ಟೋ ಸಲ ನಿಜ. ಆದರೆ ಖರ್ಚು ಉಳಿಸಲು ಬೀಮ್ ಹಾಕದೆ ನಾಲ್ಕೂವರೆ ಇಂಚಿನ ಗೋಡೆಯ ಮೇಲೇ ಛಾವಣಿ ಕೂರಿಸಿದ ಮನೆಗಳೂ ಇವೆ. ಪಿಲ್ಲರ್ ಇಲ್ಲದ ಮನೆಯಲ್ಲಿ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ ಸಲೀಸಾಗಿ ಒಂದು ಅಂತಸ್ತು ಹೊತ್ತು ನಿಂತಿರುತ್ತದೆ. ಪಿಲ್ಲರ್ ಇರುವ ಮನೆ ಎಂದೊಡನೆ ಎಲ್ಲ ಗೋಡೆಯನ್ನೂ ಕೆಡವಬಹುದು ಎಂದೂ ಅಲ್ಲ. ಮುಂಭಾಗಕ್ಕೆ ಮಾತ್ರ ಪಿಲ್ಲರ್ ಕೊಟ್ಟು ಹಿಂಭಾಗವನ್ನು ಗೋಡೆಯ ಮೇಲೆ ನಿಲ್ಲಿಸಿದವರಿದ್ದಾರೆ. ಮಂಜೂರಾದ ನಕ್ಷೆ ಒಂದು, ಕಟ್ಟಿದ್ದು ಇನ್ನೊಂದು. ಇದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಕೋಣೆಯ ಉದ್ದ ಅಗಲದ ಎರಡರಷ್ಟನ್ನು ಮೀರಿದರೆ ಛಾವಣಿಯ ಭಾರ ಹೆಚ್ಚಾಗಿ ಉದ್ದನೆಯ ಎರಡು ಗೋಡೆಗಳಿಗೆ ಇಳಿಯುತ್ತದೆ, ಇಲ್ಲದಿದ್ದರೆ ನಾಲ್ಕಕ್ಕೂ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮದ್ರಾಸ್ ತಾರಸಿ ಮನೆಗಳಲ್ಲಿ ತೊಲೆಯ ತುದಿ ಯಾವ ಗೋಡೆಯೊಳಗೆ ಹೊಕ್ಕಿದೆಯೋ ಅದೇ ಹೊರುವ ಗೋಡೆ; ಜಂತೆ ಯಾವ ಕಡೆಗೆ ಸಾಗಿದೆ ಎಂದು ತಲೆಯೆತ್ತಿ ನೋಡಿದರೆ ಸುಳಿವು ಸಿಕ್ಕೀತು. ನೋಡುವುದಾದರೂ ಹೇಗೆ? ಫಾಲ್ಸ್ ಸೀಲಿಂಗ್ ಬಡಿದು ಬೀಮು, ತೊಲೆ, ಬಿರುಕು ಎಲ್ಲವನ್ನೂ ಮುಚ್ಚಿಟ್ಟಿದ್ದೀರಲ್ಲ!

ಹೊಸ ಅಪಾರ್ಟ್‌ಮೆಂಟಿನವರು ತಮಗಿದು ಅನ್ವಯಿಸದು ಎಂದು ನೆಮ್ಮದಿಯಾಗಿರಬೇಡಿ. ಮೈವಾನ್ ಪದ್ಧತಿಯಲ್ಲಿ ಕಟ್ಟಿದ್ದರೆ ನಿಮ್ಮ ಒಳಗೋಡೆಗಳಲ್ಲೂ ಬಹುಪಾಲು ಕಂಬಿ ಕಟ್ಟಿ ಕಾಂಕ್ರೀಟ್ ಸುರಿದವೇ, ಭಾರ ಹೊರುವವೇ. ಅಲ್ಲಿ ವೈರಿಂಗಿಗೆಂದು ಕೊರೆಯುವ ಕಾಲುವೆಯೂ ಕಂಬಿಗೆ ತಾಗಬಹುದು. ಇನ್ನು 'ನನ್ನ ಫ್ಲಾಟು, ನನ್ನಿಷ್ಟ' ಎನ್ನುವವರು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯನ್ನು ಒಮ್ಮೆ ತಿರುವಿಹಾಕಿ. ಪಾಯ, ಕಂಬ, ಬೀಮ್, ಮುಖ್ಯ ಗೋಡೆ, ಛಾವಣಿ ಅದರ ಪ್ರಕಾರ ಎಲ್ಲರಿಗೂ ಸೇರಿದ ಸ್ವತ್ತು. ಕಟ್ಟಡದ ಭದ್ರತೆಗೆ ಕುತ್ತು ತರುವ ಕೆಲಸಕ್ಕೆ ಉಳಿದ ಒಡೆಯರೆಲ್ಲರ ಒಪ್ಪಿಗೆ ಮೊದಲು ಬೇಕು. ನಿಮ್ಮ ಸಂಘದ ಸಭೆಯಲ್ಲಿ ನಾಯಿ ಸಾಕುವ ವಿಷಯಕ್ಕೆ ಗಂಟೆಗಟ್ಟಲೆ ಕಿತ್ತಾಡುತ್ತೀರಿ, ಮೂರನೇ ಮಹಡಿಯವರು ಯಾವ ಗೋಡೆ ಕೆಡವುತ್ತಿದ್ದಾರೆ ಎಂದು ಯಾರಾದರೂ ಕೇಳಿದ್ದೀರಾ?

ಸುತ್ತಿಬಳಸಿ ಬರುವುದು ಮೊದಲಿನ ಮಾತಿಗೇ: ತಿಳಿದವರನ್ನು ಕೇಳಲಿಲ್ಲ. ಗೊತ್ತಿಲ್ಲದೆ ಆಯಿತು ಎಂದರೆ ನಾನು ಒಪ್ಪುವುದಿಲ್ಲ. ಗೊತ್ತುಮಾಡಿಕೊಳ್ಳಬಹುದಿತ್ತು, ಅದಕ್ಕೆ ಜನರಿದ್ದಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು, ಮೇಲಿನ ಮನೆಯನ್ನೂ ಹತ್ತಿ ನೋಡಿ, ಬೇಕಾದ ಕಡೆ ಗಿಲಾವು ಕೆರೆದು ನೋಡಿ ಬರೆದುಕೊಡಲು ಕೇಳುವ ಹಣ ನಿಮ್ಮ ಮಾಡ್ಯುಲರ್ ಕಿಚನ್ನಿನ ಖರ್ಚಿನ ಮುಂದೆ ಯಾವ ಲೆಕ್ಕ? ಅದನ್ನು ಉಳಿಸಲು ಹೋಗಿ ಮೇಲೆ ಮಲಗಿದ ಮಕ್ಕಳನ್ನು ಪಣಕ್ಕಿಡುವುದು ತಪ್ಪಲ್ಲ, ಅಪರಾಧ. ನಾನು ಇದಕ್ಕಿಂತ ಮೆತ್ತಗೆ ಹೇಳಲಾರೆ.

ಗೋಡೆ ತೆಗೆಯಲೇಬಾರದೆಂದು ಯಾರೂ ಹೇಳುತ್ತಿಲ್ಲ. ಮೊದಲು ಛಾವಣಿಗೆ ಆಸರೆ ಊರಿ, ಲೆಕ್ಕ ಹಾಕಿದ ಗರ್ಡರ್ ಇಟ್ಟು, ಅದರ ಎರಡೂ ತುದಿಯ ಭಾರ ಪಾಯದವರೆಗೆ ಇಳಿಯಲು ದಾರಿ ಮಾಡಿ, ಆಮೇಲೆ ತೆಗೆಯುತ್ತಾರೆ. ಯಾವ ಗರ್ಡರ್, ಎಷ್ಟು ಆಸರೆ ಎನ್ನುವುದು ನನ್ನಂಥವನು ಬರೆದು ತಿಳಿಸುವ ವಿಷಯವಲ್ಲ, ನೀವು ಓದಿ ಮಾಡಿಸುವ ಕೆಲಸವೂ ಅಲ್ಲ.

ಮೇಸ್ತ್ರಿಗಳೇ, ನಿಮಗೂ ಒಂದು ಮಾತು. ಗೋಡೆ ಬಿದ್ದರೆ ಮೊದಲು ಅದರಡಿಗೆ ಸಿಗುವವರು ನಿಮ್ಮ ಹುಡುಗರೇ. ಎಂಜಿನಿಯರ್ ಬರೆದುಕೊಟ್ಟ ಕಾಗದ ಕಾಣದೆ ಸುತ್ತಿಗೆ ಎತ್ತಬೇಡಿ. ಆ ಕೆಲಸ ಹೋದರೆ ಹೋಗಲಿ.

ಮೇಲಿನ ಮನೆಯವರೇ, ಪಕ್ಕದ ಮನೆಯವರೇ, ಬಾಡಿಗೆಯವರೇ, ಕೆಳಗೆ ಒಡೆಯುವ ಸದ್ದು ಕೇಳಿದರೆ ದಾಕ್ಷಿಣ್ಯ ಬಿಡಿ. ಮಾಲೀಕರು ಮುನಿಸಿಕೊಂಡಾರು ಎಂದು ಹೆದರಬೇಡಿ. ಅವತ್ತೇ ಇಳಿದು ಹೋಗಿ ಯಾವ ಗೋಡೆ, ಯಾರು ನೋಡಿ ಹೇಳಿದರು ಎಂದು ಕೇಳಿ, ಬರೆದದ್ದನ್ನು ತೋರಿಸಿ ಎನ್ನಿ. ತೋರಿಸಲು ಏನೂ ಇಲ್ಲವೆಂದರೆ ಕೆಲಸ ನಿಲ್ಲಿಸಿ.