ಇಪ್ಪತ್ತನೆಯ ವರ್ಷದ ಸಂಬಳ ಎಷ್ಟು?

ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗಗನಸಖಿಯ ಕೆಲಸದ ಬಗ್ಗೆ ಒಂದೆರಡಾದರೂ ಇದ್ದೇ ಇರುತ್ತವೆ. ಎತ್ತರ ಎಷ್ಟಿರಬೇಕು, ಮೊದಲ ತಿಂಗಳ ಸಂಬಳ ಎಷ್ಟು ಎಂದು ಕೇಳುತ್ತಾರೆ. ಇಪ್ಪತ್ತು ವರ್ಷ ದುಡಿದವರ ಪಾಡೇನು ಎಂದು ಈವರೆಗೆ ಯಾರೂ ಕೇಳಿಲ್ಲ. ಇದ್ದು ಹೆಣಗುವುದೋ, ಬೇಗ ನಿವೃತ್ತಿ ಪಡೆಯುವುದೋ ಎಂದು ಹಿರಿಯರು ಲೆಕ್ಕ ಹಾಕುತ್ತಿರುವ ಕಾಲ ಇದು.

ವಿಚಿತ್ರವೆಂದರೆ, ಹಿಂದೆ ಇವರು ನಿವೃತ್ತಿ ಬೇಡವೆಂದೇ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಏರ್ ಇಂಡಿಯಾದ ಗಗನಸಖಿ 35ಕ್ಕೆ ನಿವೃತ್ತಳಾಗಬೇಕಿತ್ತು; ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಅದಕ್ಕೂ ಮೊದಲೇ ಮನೆಗೆ. ಅದೇ ವಿಮಾನದ ಪುರುಷ ಪರ್ಸರ್‌ಗೆ 58ರವರೆಗೆ ಕೆಲಸ! 1981ರಲ್ಲಿ ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗರ್ಭಧಾರಣೆಯ ನಿಯಮವನ್ನು ರದ್ದುಮಾಡಿತು, ಮದುವೆಯ ನಿಯಮವನ್ನು ಉಳಿಸಿತು. ವಯಸ್ಸಿನ ತಕರಾರು ಮುಂದೆಯೂ ಹಲವು ವರ್ಷ ನಡೆಯಿತು.

ಹಾಗೆ ಕಾದಾಡಿ ಉಳಿಸಿಕೊಂಡ ಕೆಲಸವನ್ನು ಈಗ ಬಿಡುವ ಯೋಚನೆ ಏಕೆ? ಸಂಬಳದ ರಚನೆ ನೋಡಿದರೆ ತಿಳಿಯುತ್ತದೆ. ಕೈಗೆ ಬರುವ ಹಣದಲ್ಲಿ ಒಂದು ಪಾಲು ಮಾತ್ರ ನಿಗದಿತ. ಉಳಿದದ್ದು ಹಾರಿದ ಗಂಟೆಗಳ ಭತ್ಯೆ, ಪರವೂರಿನಲ್ಲಿ ತಂಗಿದ ಭತ್ಯೆ. ಬೆನ್ನುನೋವೆಂದು ಒಂದು ತಿಂಗಳು ನೆಲದ ಮೇಲೆ ಉಳಿದರೆ ಆ ಪಾಲು ಇಲ್ಲ. ಕಂಪನಿ ಭತ್ಯೆಯ ದರ ಇಳಿಸಿದರಂತೂ ಪದನಾಮ ಹಾಗೇ ಇದ್ದು ಆದಾಯ ಮಾತ್ರ ಕರಗುತ್ತದೆ.

ಕಂಪನಿಗಳ ಕಣ್ಣಿಗೆ ಹಿರಿಯರೆಂದರೆ ದುಬಾರಿ. ಬ್ರಿಟಿಷ್ ಏರ್‌ವೇಸ್ 2010ರಲ್ಲಿ ಹೊಸಬರನ್ನು ಕಡಿಮೆ ವೇತನದ ಬೇರೆ ಕರಾರಿನಲ್ಲಿ ತೆಗೆದುಕೊಳ್ಳತೊಡಗಿತು. ಆ ವರ್ಷ ಸಿಬ್ಬಂದಿ ಒಟ್ಟು 22 ದಿನ ಮುಷ್ಕರ ಹೂಡಿದರು. 2020ರಲ್ಲಿ ಕೊರೋನಾ ಬಂದಾಗ ಇಡೀ ಕಂಪನಿಯಲ್ಲಿ 12,000 ಹುದ್ದೆಗಳವರೆಗೆ ಕಡಿತದ ಸೂಚನೆ ಹೊರಟಿತು. ಹಳಬರ ಮುಂದೆ ಉಳಿದದ್ದು ಎರಡೇ ದಾರಿ: ಇಡಿಗಂಟು ಪಡೆದು ಹೊರಡುವುದು, ಇಲ್ಲವೇ ತಗ್ಗಿದ ಷರತ್ತಿಗೆ ಸಹಿ ಹಾಕುವುದು. ಅನೇಕರು ಹೊರಟರು.

ನಮ್ಮಲ್ಲಿ 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೂರಕ್ಕೂ ಹೆಚ್ಚು ಸಿಬ್ಬಂದಿ ಒಟ್ಟಿಗೇ ಅನಾರೋಗ್ಯದ ರಜೆ ಹಾಕಿದರು. ಬೆಂಗಳೂರು ಮೂಲದ ಎಐಎಕ್ಸ್ ಕನೆಕ್ಟ್ ಅದರಲ್ಲಿ ವಿಲೀನವಾಗುತ್ತಿದ್ದ ಸಮಯ. ಮೇಲಿನ ಹುದ್ದೆಯ ಸಂದರ್ಶನ ಗೆದ್ದವರಿಗೂ ಕೆಳಗಿನ ಹುದ್ದೆ ಕೊಟ್ಟರು, ವೇತನದ ರೀತಿಯನ್ನೇ ಬದಲಿಸಿದರು ಎಂಬುದು ಅವರ ದೂರು. 25 ಮಂದಿಯನ್ನು ವಜಾ ಮಾಡಿ, ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಸಂಧಾನವಾದ ಮೇಲೆ ಮತ್ತೆ ಸೇರಿಸಿಕೊಂಡರು.

ಹಾಗಾದರೆ ಹಿರಿಯರೆಲ್ಲ ಹೊರಡುತ್ತಾರೆಯೇ? ನನಗೆ ಹಾಗನ್ನಿಸುವುದಿಲ್ಲ. ಮನೆಸಾಲ ತೀರಿದವರು, ಮಕ್ಕಳ ಓದು ಮುಗಿದವರು ಹೊರಟಾರು. ನಲವತ್ತೈದರ ಆಸುಪಾಸಿನವರ ಕಷ್ಟವೇ ಬೇರೆ. ಬೇರೆ ವಿಮಾನ ಕಂಪನಿಗೆ ಹೋದರೆ ಹಳೆಯ ಸೇವಾ ಹಿರಿತನ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಬಾಲದಿಂದ ಸಾಲು ಹಿಡಿಯಬೇಕು. ನೆಲದ ಮೇಲಿನ ಕೆಲಸಕ್ಕೆ ಪದವಿ ಕೇಳುತ್ತಾರೆ. ಹದಿನೆಂಟಕ್ಕೇ ಸೇರಿದವರ ಬಳಿ ಅದು ಇರುವುದಿಲ್ಲ.

ಆದ್ದರಿಂದ ಮಗಳೋ ಮಗನೋ ಈ ಕೆಲಸಕ್ಕೆ ಹೊರಟರೆ ಬೇಡವೆನ್ನಬೇಡಿ, ಅಂಚೆ ಶಿಕ್ಷಣದಲ್ಲಾದರೂ ಬಿ.ಕಾಂ. ಮುಗಿಸಲಿ. ನೇಮಕಾತಿ ಪತ್ರದಲ್ಲಿ ನಿಗದಿತ ವೇತನ ಎಷ್ಟು, ಕರಾರು ಎಷ್ಟು ವರ್ಷದ್ದು ಎಂಬ ಎರಡು ಸಾಲನ್ನು ಅಪ್ಪ ಅಮ್ಮ ಓದಿದ ಮೇಲೆಯೇ ಸಹಿ. ಲಕ್ಷಗಟ್ಟಲೆ ಶುಲ್ಕ ಕೇಳುವ ಖಾಸಗಿ ತರಬೇತಿ ಸಂಸ್ಥೆಗಳ ವಿಚಾರ ಮುಂದಿನ ವಾರ.